ಅಳಿಸಲಾಗದ ಮೂರು ಸೊನ್ನೆ

ಬೆಳಗಿನ ಐದೂವರೆ. ಸಂಶೋಧನಾಲಯದ ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಮೊಣಕೈ ಸವೆದ ಸ್ವೆಟರ್ ತೊಟ್ಟು ಕಂಪ್ಯೂಟರಿನ ಮುಂದೆ ಕೂತವರನ್ನು ಇಲ್ಲಿ ಎಲ್ಲರೂ ಕರೆಯುವುದು ‘ಅಕ್ಕ’ ಎಂದೇ. ಎಂಟಕ್ಕೆ ದೊಡ್ಡವರು ಬಂದರೆ ಯಂತ್ರ ಅವರದು. ಅಲ್ಲಿಯವರೆಗೆ ಅಕ್ಕನದು.

ಪೆರೊವ್‌ಸ್ಕೈಟ್ ಎಂಬ ಹರಳಿನಿಂದ ಮಾಡುವ ಸೌರಕೋಶವನ್ನು ಅಕ್ಕ ಮೊದಲು ಪರದೆಯ ಮೇಲೇ ಕಟ್ಟಿ ನೋಡುತ್ತಾರೆ. ಪದರ ಎಷ್ಟು ದಪ್ಪ, ಅದರ ಮೇಲೆ ಯಾವುದು, ಕೆಳಗೆ ಯಾವುದು. ತಲೆಗೂದಲನ್ನು ನೂರೈವತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು ದಪ್ಪ. ಒಂದೊಂದನ್ನೇ ಬದಲಿಸುತ್ತಾ ದಿನಕ್ಕೆ ನಲವತ್ತು ಲೆಕ್ಕ. ಹದಿಮೂರು ವರ್ಷದ ಹಿಂದೆ ಇಲ್ಲಿಗೆ ಗಾಜು ತೊಳೆಯಲು ಬಂದವರು, ರಟ್ಟು ಕಿತ್ತ ಕೈಪಿಡಿಯೊಂದನ್ನು ಓದಿ ಓದಿ ಇದನ್ನು ಕಲಿತರು. ಇಂದಿಗೂ ಹಂಗಾಮಿ.

ಹರಳಿನೊಳಗೆ ಗುಂಡಿಗಳಿರುತ್ತವೆ. ಬೆಳಕು ಎಬ್ಬಿಸಿದ ವಿದ್ಯುತ್ತು ಅವುಗಳಲ್ಲಿ ಬಿದ್ದರೆ ಮುಗಿಯಿತು, ಹೊರಗೆ ಬರುವುದಿಲ್ಲ. ಎಷ್ಟು ಗುಂಡಿ ಎಂಬುದನ್ನು ಪಕ್ಕದ ಕೋಣೆಯಲ್ಲಿ ಅಳೆದು ತಂದೇ ಅಕ್ಕ ಲೆಕ್ಕಕ್ಕೆ ಕೊಡುವುದು. ನೂರು ಪಾಲು ಬಿಸಿಲಿಗೆ ಹತ್ತೊಂಬತ್ತು ಪಾಲು ವಿದ್ಯುತ್ತು ಬರುತ್ತದೆ ಎಂದರು. ಹಾಗೇ ಮಾಡಿ ಬಿಸಿಲಿಗಿಟ್ಟ ಕೋಶ ಹದಿನೆಂಟೂವರೆ ಕೊಟ್ಟಿತು.

ಮುಖ್ಯಸ್ಥರಿಗೆ ಅದು ಸಾಲಲಿಲ್ಲ.

“ಗುಂಡಿ ಲೆಕ್ಕದಲ್ಲಿ ಮೂರು ಸೊನ್ನೆ ತೆಗೆದುಬಿಡಮ್ಮಾ. ಸೂರ್ಯ ಬಂದು ಕೇಳ್ತಾನಾ?”

“ಕೇಳ್ತಾನೆ ಸರ್. ದಿನಾ ಬೆಳಿಗ್ಗೆ ಬರ್ತಾನಲ್ಲ.”

ಸೊನ್ನೆಗಳನ್ನು ಮುಖ್ಯಸ್ಥರೇ ತೆಗೆದರು. ಹತ್ತೊಂಬತ್ತು ಕೂತಲ್ಲೇ ಇಪ್ಪತ್ತೆಂಟಾಯಿತು. ಅಷ್ಟು ಕೊಡುವ ಒಂದು ಚೂರನ್ನೂ ಇಲ್ಲಿ ಯಾರೂ ಮಾಡಿಲ್ಲ. ಆದರೂ ಸಭೆ ನಡೆಯಿತು, ಹಾರ ಬಿತ್ತು, ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಕೂತಿದ್ದ ಕುರ್ಚಿಗಳನ್ನು ಹಾಕಿದವರಲ್ಲಿ ಅಕ್ಕನೂ ಒಬ್ಬರು.

ಈಗ ಹಣ ಕೊಡುವ ಮಂಡಳಿ ಒಂದು ನಮೂನೆ ಕಳಿಸಿದೆ. ‘ಈ ಅಂಕಿಗಳು ನಾನು ನಡೆಸಿದ ಲೆಕ್ಕದಿಂದ ಬಂದವು’ ಎಂದು ಲೆಕ್ಕ ನಡೆಸಿದವರು ಸಹಿ ಹಾಕಬೇಕು. ಹಾಕಿದರೆ ಕೆಲಸ ಕಾಯಂ ಎಂದಿದ್ದಾರೆ ಮುಖ್ಯಸ್ಥರು. ಹಾಕದಿದ್ದರೆ ಈ ತಿಂಗಳ ಮೂವತ್ತಕ್ಕೆ ಮನೆಗೆ. ಕೊಡಲು ಇವತ್ತೇ ಕಡೆಯ ದಿನ.

ಲೇತ್ ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಇರುವ ಗಂಡ ನಿನ್ನೆ ಸಂಜೆ ಕಾಡಿದ್ದರು: “ಒಂದು ಸಹಿ ತಾನೇ? ಗೀಚಿ ಬಾ.”

“ಅಳತೆ ತಪ್ಪಿದ ಬೋಲ್ಟನ್ನ ಸರಿಯಿದೆ ಅಂತ ನೀವು ಯಾವತ್ತಾದ್ರೂ ಕಳಿಸಿದ್ರಾ?”

“ಕಳಿಸಿದ್ರೆ ಮೇಸ್ತ್ರಿ ಆಗಿರ್ತಿದ್ದೆ” ಎಂದರಂತೆ. ಆಮೇಲೆ ಆ ಮಾತು ತೆಗೆಯಲಿಲ್ಲ.

ಆರೂಕಾಲಿಗೆ ಕಿಟಕಿಯಲ್ಲಿ ಬಿಸಿಲು. ಅಕ್ಕ ಪೆನ್ನು ತೆಗೆಯುತ್ತಾರೆ. ನಮೂನೆಯಲ್ಲಿ ಇಪ್ಪತ್ತೆಂಟನ್ನು ಹೊಡೆದುಹಾಕಿ ಹತ್ತೊಂಬತ್ತು ಎಂದು ಬರೆಯುತ್ತಾರೆ. ಗುಂಡಿಗಳ ಸಾಲಿಗೆ ಮೂರು ಸೊನ್ನೆಗಳನ್ನು ದುಂಡಗೆ ಕೂರಿಸುತ್ತಾರೆ. ಕೆಳಗೆ ಸಹಿ.

ಎಂಟಕ್ಕೆ ಅದನ್ನು ಓದಿದ ಮುಖ್ಯಸ್ಥರ ಮುಖ ಕಪ್ಪಿಡುತ್ತದೆ. “ಇದರ ಅರ್ಥ ಗೊತ್ತೇನಮ್ಮಾ?”

“ಗೊತ್ತು ಸರ್. ಮೂವತ್ತಕ್ಕೆ ಬೀಗದಕೈ ಕೊಟ್ಟು ಹೋಗ್ತೀನಿ. ನನ್ನ ಲೆಕ್ಕಗಳನ್ನ ಮಾತ್ರ ಅಳಿಸಬೇಡಿ. ಮುಂದೆ ಬರೋರು ಹತ್ತೊಂಬತ್ತರಿಂದ ಶುರು ಮಾಡ್ಲಿ. ನಾನು ಬಂದಾಗ ಇಲ್ಲಿ ಹನ್ನೊಂದಿತ್ತು.”