ಇಪ್ಪತ್ತು ಸೆಕೆಂಡಿನ ತಾಳ್ಮೆ

ಬೇಯುವ ತನಕ ಕಾದವಳಿಗೆ ಆರುವ ತನಕ ಕಾಯಲು ಆಗುವುದಿಲ್ಲ ಎಂದು ಸೊಸೆ ರೇಣುಕಾಳನ್ನು ಬೊಮ್ಮಕ್ಕ ಛೇಡಿಸುತ್ತಿದ್ದರು. ಮಾತು ಸುಳ್ಳಲ್ಲ. ರೇಣುಕಾ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು. ಗಂಡ ದುರುಗೇಶ ಶ್ರೀರಾಂಪುರದ ಕಡೆಯ ಕುರಿಗಾಹಿ. ಸುಗ್ಗಿ ಮುಗಿದೊಡನೆ ಮಂದೆ ಹೊಡೆದುಕೊಂಡು ಗದ್ದೆಸೀಮೆಗೆ ಹೋದರೆ ಅವನ ಮುಖ ಕಾಣುವುದು ಮುಂಗಾರಿಗೇ. ಕಂಪ್ಯೂಟರ್ ಓದಿದವಳು ಕುರಿಯವನನ್ನು ಯಾಕೆ ಒಪ್ಪಿದೆ ಎಂದು ಕೇಳಿದವರಿಗೆ ಅವಳು ಉತ್ತರ ಕೊಟ್ಟವಳಲ್ಲ. ಅವನೆಂದರೆ ಅವಳಿಗೆ ಪ್ರಾಣ, ಅಷ್ಟೆ.

ಮದುವೆಯಾದ ಹೊಸತರಿಂದಲೂ ಅವನು ದಿನಾ ಸಂಜೆ ಮಂದೆಯನ್ನು ಗದ್ದೆಯಲ್ಲಿ ತರುಬಿ ನಿಲ್ಲಿಸಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಎತ್ತುವಂತಿಲ್ಲ. ಒಂದು ರಿಂಗ್ ಬಂತೆಂದರೆ ಕ್ಷೇಮ. ಹೋದ ವರ್ಷ ನಾಲ್ಕು ದಿನ ರಿಂಗ್ ಬರಲಿಲ್ಲ. ಇವಳು ಅವನ ಅಣ್ಣ ರಂಗಪ್ಪನನ್ನು ಟೆಂಪೊ ಹತ್ತಿಸಿ ಹುಡುಕಲು ಕಳಿಸಿಯೇಬಿಟ್ಟಳು. ದುರುಗೇಶ ಗದ್ದೆಯ ಬದುವಿನ ಮೇಲೆ ಹಾಯಾಗಿ ಕೂತು ರೊಟ್ಟಿ ತಿನ್ನುತ್ತಿದ್ದ. ಫೋನು ಕಾಲುವೆಗೆ ಬಿದ್ದು ಕೆಟ್ಟಿತ್ತು. ಕುರಿ ಕಾಯುವವನನ್ನು ಕಾಯಲು ಇನ್ನೊಬ್ಬನೇ ಎಂದು ಸುತ್ತಲ ಮಂದೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವನಿಗೆ ಆ ನಗು ಮುಳ್ಳಿನಂತೆ ನಟ್ಟಿತು. ಈ ಸಲ ಹೊರಡುವಾಗ ಹೇಳಿಯೇ ಹೊರಟ.

"ನಾಕೇ ದಿನಕ್ಕೆ ನನ್ನ ಸಾಯಿಸ್ಬಿಟ್ಯಲ್ಲ ನೀನು. ಇನ್ನು ರಿಂಗ್ ಕೊಡಲ್ಲ. ಸುದ್ದಿ ಬಂದಾಗ ಬರ್ತೈತೆ."

ಅವಳಿಗೂ ರೋಷ ಬಂತು. ತಾನಾಗಿ ಫೋನ್ ಮಾಡಿದರೆ ಕೇಳು ಎಂದು ಹಟ ಹಿಡಿದಳು. ಹಟವೇನೋ ಹಿಡಿದಳು, ಆದರೆ ಸಂಜೆಯಾದರೆ ಫೋನನ್ನು ತೊಡೆಯ ಮೇಲಿಟ್ಟುಕೊಂಡೇ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಪ್ರತಿ ವರ್ಷ ಮಂದೆ ಇಳಿಯುತ್ತಿದ್ದ ಭರಮಸಾಗರದ ಸುತ್ತಿನ ಗದ್ದೆಗಳು ಅಡಿಕೆ ತೋಟಗಳಾಗಿದ್ದರಿಂದ ಮಂದೆ ಈ ವರ್ಷ ಇನ್ನೂ ದೂರ ಹೋಗಿತ್ತು. ಹತ್ತೊಂಬತ್ತು ದಿನ ಕಳೆದರೂ ಸುದ್ದಿಯಿಲ್ಲ. ಟೆಂಪೊ ತರಲೇ ಎಂದು ರಂಗಪ್ಪ ಕೇಳಿದಾಗ ಸೋಮವಾರದ ತನಕ ನೋಡೋಣ ಎಂದಳು. ಕಳಿಸಿದರೆ ಗಂಡ ಮತ್ತೆ ಮುಖ ಕೊಟ್ಟು ಮಾತಾಡಲಿಕ್ಕಿಲ್ಲ. ಕಳಿಸದೆ, ನಿಜಕ್ಕೂ ಏನಾದರೂ ಆಗಿದ್ದರೆ?

ಅದೇ ವಾರ ಪ್ರಿನ್ಸಿಪಾಲ್ ಲಕ್ಷ್ಮೀಕಾಂತ್ ಕರೆಸಿದರು. ಆನ್‌ಲೈನ್ ಪರೀಕ್ಷೆಯ ನಡುವೆ ಒಂದು ಕೇಬಲ್ ತುಂಡಾಗಿ, ಬದಲಿ ದಾರಿ ತೆರೆಯಲು ಐವತ್ತು ಸೆಕೆಂಡ್ ಹಿಡಿದಿತ್ತೆಂದು ಅವರಿಗೆ ಸಿಟ್ಟು. ಕಟ್ಟಡದಿಂದ ಕಟ್ಟಡಕ್ಕೆ ನೆಟ್ ದಾಟಿಸುವ ಪೆಟ್ಟಿಗೆಗಳು, ಕಾಲೇಜಿನ ಹಳೆಯ ಸ್ವಿಚ್‌ಗಳ ರೀತಿಯೇ ಅಂಥದು. ಆಫೀಸಿನ ಹಿರಿಯ ಸ್ವಿಚ್ ಎರಡು ಸೆಕೆಂಡಿಗೊಮ್ಮೆ ನಾನಿದ್ದೇನೆ ಎನ್ನುತ್ತದೆ, ಆ ಮಾತನ್ನು ಒಂದು ಸ್ವಿಚ್ ಮುಂದಿನದಕ್ಕೆ ದಾಟಿಸುತ್ತದೆ. ಇಪ್ಪತ್ತು ಸೆಕೆಂಡ್ ಮಾತು ಬರದಿದ್ದರೆ ಮಾತ್ರ ದಾರಿ ಸತ್ತಿತೆಂದು ತಿಳಿದು, ಮತ್ತೆ ಮೂವತ್ತು ಸೆಕೆಂಡ್ ಕಿವಿಗೊಟ್ಟು, ಆಮೇಲೆ ಮುಚ್ಚಿಟ್ಟ ದಾರಿ ತೆರೆಯುವುದು. ರೇಣುಕಾ ಇಪ್ಪತ್ತನ್ನು ಆರಕ್ಕೆ ಇಳಿಸಿದಳು, ಮೂವತ್ತನ್ನು ಎಂಟಕ್ಕೆ. ಆಫೀಸಿನ ಪಕ್ಕದ ಲ್ಯಾಬಿನಲ್ಲಿ ಕೇಬಲ್ ಕಿತ್ತು ನೋಡಿದಾಗ ಹದಿನಾಲ್ಕೇ ಸೆಕೆಂಡಿಗೆ ಎಲ್ಲ ಸರಿಹೋಯಿತು. ಸಾಹೇಬರು ಭೇಷ್ ಎಂದರು.

ಶನಿವಾರ ಹಾಸ್ಟೆಲಿನ ವಾರ್ಡನ್ ಉಷಾರಾಣಿಯ ಫೋನ್ ಬಂತು. ಅಲ್ಲಿ ನೆಟ್ ಬಂದು ಬಂದು ಹೋಗುತ್ತಿತ್ತಂತೆ. ರೇಣುಕಾ ಹಾಸ್ಟೆಲಿನ ಮೆಟ್ಟಿಲ ಕೆಳಗೆ ಲ್ಯಾಪ್‌ಟಾಪ್ ಬಿಚ್ಚಿ ಕೂತು ನೋಡಿದವಳು ಹಣೆ ಚಚ್ಚಿಕೊಂಡಳು. ಹಾಸ್ಟೆಲಿನ ಸ್ವಿಚ್ ಆಫೀಸಿನಿಂದ ಎಲ್ಲಕ್ಕಿಂತ ದೂರದ್ದು, ನಡುವೆ ಏಳು ಸ್ವಿಚ್. ಹಿರಿಯನ ಮಾತು ಒಂದೊಂದು ಸ್ವಿಚ್ ದಾಟಿದಾಗಲೂ ಅದರ ವಯಸ್ಸು ಒಂದೊಂದು ಸೆಕೆಂಡ್ ಹೆಚ್ಚಿದಂತೆ ಲೆಕ್ಕ. ಹಾಸ್ಟೆಲು ಮುಟ್ಟುವ ಹೊತ್ತಿಗೆ ಅದು ಇವಳಿಟ್ಟ ಆರರ ಗಡುವು ಮೀರಿರುತ್ತಿತ್ತು. ಹಳಸಿದ ಮಾತೆಂದು ಅದನ್ನು ಎಸೆದು, ಹಿರಿಯ ಸತ್ತನೆಂದು ತೀರ್ಮಾನಿಸಿ, ಹಾಸ್ಟೆಲಿನ ಸ್ವಿಚ್ ತಾನೇ ಯಜಮಾನನಾಗಿ ದಾರಿ ಮುಚ್ಚಿ ತೆರೆದು ಮಾಡುತ್ತಿತ್ತು. ಆಫೀಸಿನಲ್ಲಿ ಹಿರಿಯ ಗುಂಡುಕಲ್ಲಿನಂತೆ ಇದ್ದ. ದೂರ ಹೆಚ್ಚಿದಷ್ಟೂ ತಾಳ್ಮೆ ಹೆಚ್ಚಿಡಬೇಕೆಂದು ಅವಳು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದಳು. ಹತ್ತಿರದ ಲ್ಯಾಬ್ ನೋಡಿ ದೂರದ ಹಾಸ್ಟೆಲಿಗೆ ಗಡುವು ಇಟ್ಟಿದ್ದಳು. ಎಲ್ಲವನ್ನೂ ಮೊದಲಿನಂತೆ ಮಾಡಿದಳು. ಆಮೇಲೆ ನಾಕೇ ದಿನಕ್ಕೆ ಸಾಯಿಸಿಬಿಟ್ಟೆ ಎಂದಿದ್ದ ಗಂಡನ ಮಾತು ನೆನಪಾಗಿ, ಅಲ್ಲೇ ಕೂತು ಸೆರಗು ಒದ್ದೆಯಾಗುವಷ್ಟು ಅತ್ತಳು.

ಹೊರಗೆ ಬಂದರೆ ಗೇಟಿನಲ್ಲಿ ಭರಮಸಾಗರದ ಗೊಲ್ಲಪ್ಪ ನಿಂತಿದ್ದ. ಅವನೂ ಕುರಿಯವನೇ, ಕುರಿ ಔಷಧಿಗೆಂದು ದುರ್ಗಕ್ಕೆ ಬಂದವನು. ದುರುಗೇಶ ಚೆನ್ನಾಗಿದ್ದಾನೆಂಬ ಸುದ್ದಿ ತಂದಿದ್ದ. ಯಾವತ್ತಿನ ಸುದ್ದಿ ಎಂದು ರೇಣುಕಾ ಕೇಳಿದಳು.

"ಬಾಯಿಂದ ಬಾಯಿಗೆ ನಾಕು ಮಂದೆ ದಾಟಿ ಬಂದೈತವ್ವ, ಎಂಟು ದಿನದ ಮಾತು. ಅಲ್ಲಿ ಕೆರೆ ಏರಿ ಹತ್ತಿದ್ರೆ ಸಿಗ್ನಲ್ ಸಿಗ್ತೈತಂತೆ. ದಿನಾ ಸಂಜೆ ಹತ್ತಿ ನೋಡ್ತಾನಂತೆ, ನೀನೇನಾರ ಫೋನ್ ಮಾಡಿದ್ಯಾ ಅಂತ."

ಇಷ್ಟು ದಿನದ ಹಟ ನಿಂತಲ್ಲೇ ಕರಗಿತು. ಅವನು ಹೇಳಿದ್ದು ತಾನು ಮಾಡುವುದಿಲ್ಲ ಎಂದು ಮಾತ್ರ. ಇವಳು ಮಾಡಬಾರದೆಂದು ಯಾರೂ ಹೇಳಿರಲಿಲ್ಲ. ಅಲ್ಲಿಯೇ ನಂಬರ್ ಒತ್ತಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು ಹೆಣ್ಣುದನಿ. ಎಂಟು ದಿನದಲ್ಲಿ ಮಂದೆ ಆ ಕೆರೆ ಬಿಟ್ಟು ಯಾವ ಬಯಲಿಗೆ ಇಳಿದಿದೆಯೋ ಯಾರಿಗೆ ಗೊತ್ತು.

ಸೋಮವಾರ ಬಂತು. ಟೆಂಪೊ ಬೇಡವೆಂದು ರಂಗಪ್ಪನಿಗೆ ಹೇಳಿದಳು. ಮಂದೆ ತರುಬುವ ಹೊತ್ತಿಗೆ ದಿನಕ್ಕೊಂದು ಸಲ ಫೋನ್ ಮಾಡುತ್ತಾಳೆ, ಅದೇ ದನಿ ಅದೇ ಮಾತು ಹೇಳುತ್ತದೆ. ಯಾವತ್ತಾದರೂ ಅವನು ಮತ್ತೊಂದು ಕೆರೆಯ ಏರಿ ಹತ್ತಿದಾಗ, ಹೆಂಡತಿ ಎಷ್ಟು ಸಲ ಕರೆದಳೆಂಬ ಮೆಸೇಜು ಅವನ ಫೋನಿಗೆ ಬಂದು ಬೀಳುತ್ತದೆ. ಇವತ್ತಿಗೆ ಹನ್ನೊಂದು.