ಬಾಯ್ಲರ್‌ಗೆಂದು ಕಟ್ಟಿಟ್ಟ ಗಂಟು

ಅಮೆರಿಕದ ಒಹಾಯೊ ರಾಜ್ಯದ ನಮ್ಮೂರ ಶಾಲೆಯ ಖಜಾಂಚಿ ವಿಲ್ಮಾ ಹೋಸ್ಟೆಟ್ಲರ್ ಇಪ್ಪತ್ತೆರಡು ವರ್ಷದಲ್ಲಿ ಒಂದು ಪೆನ್ಸಿಲನ್ನೂ ದುಂದು ಮಾಡಿದವಳಲ್ಲ. ಚಳಿಗಾಲದಲ್ಲಿ ಶಾಲೆಯನ್ನು ಬೆಚ್ಚಗಿಡುವ ನೆಲಮಾಳಿಗೆಯ ಮುದಿ ಬಾಯ್ಲರ್ ಬದಲಿಸಲೆಂದು ವರ್ಷವರ್ಷವೂ ಹಣ ಕೂಡಿಡುತ್ತಿದ್ದಳು. ಇನ್ನೆರಡು ವರ್ಷ ಕಳೆದಿದ್ದರೆ ಹೊಸದು ಬಂದುಬಿಡುತ್ತಿತ್ತು. ಅಷ್ಟರಲ್ಲಿ ರಾಜ್ಯದ ಬಜೆಟ್ ಮಸೂದೆಗೆ ಒಂದು ಕಲಮು ಸೇರಿತು: ಶಾಲೆಗಳು ಮಿತಿ ಮೀರಿ ಉಳಿಸಿದ ಹಣ ತೆರಿಗೆ ಕಟ್ಟಿದವರಿಗೆ ವಾಪಸಾಗಬೇಕು.

ಜೂನ್ ತಿಂಗಳ ಸಭೆಯಲ್ಲಿ ನಮ್ಮ ಶಾಲಾ ಮಂಡಳಿಯ ಅಧ್ಯಕ್ಷ ಡ್ವೇನ್ ಮೇಜು ಗುದ್ದಿದ. "ಅವ್ರು ಕಿತ್ಕೊಳ್ಳೋಕ್ ಮುಂಚೆ ನಾವೇ ಖರ್ಚು ಮಾಡ್ಬಿಡೋಣ. ಫುಟ್‌ಬಾಲ್ ಮೈದಾನಕ್ಕೆ ದೊಡ್ಡ ಸ್ಕೋರ್‌ಬೋರ್ಡ್ ಹಾಕ್ಸೋಣ!"

"ಗವರ್ನರ್ ಇನ್ನೂ ಸಹಿ ಹಾಕಿಲ್ಲ ಕಣಯ್ಯಾ, ಬೇಡವಾದ ಕಲಮನ್ನ ಅವ್ರು ಹೊಡೆದುಹಾಕ್ಬಹುದು. ಎರಡು ವಾರ ತಡ್ಕೋ," ಎಂದಳು ವಿಲ್ಮಾ.

"ನೀನ್ ಬಿಡಮ್ಮ, ನಿನ್ ನೆರಳು ಕಂಡ್ರೂ ಹೆದರ್ತೀಯ."

ಎಲ್ಲರೂ ನಕ್ಕೆವು. ಮಂಡಳಿಯ ಐವರ ಕೈಗಳೂ ಮೇಲೆದ್ದವು. ಅದರಲ್ಲಿ ಒಂದು ನನ್ನದು.

ಎರಡು ವಾರಕ್ಕೆ ಗವರ್ನರ್ ಆ ಕಲಮನ್ನು ಹೊಡೆದುಹಾಕಿ ಸಹಿ ಮಾಡಿದರು. ಕೂಡಿಟ್ಟದ್ದನ್ನು ಇಟ್ಟುಕೊಳ್ಳಬಹುದಿತ್ತು, ಆದರೆ ಇಟ್ಟುಕೊಳ್ಳಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ.

ಈಗ ಜನವರಿ. ಮೇಲೆ ಮುನ್ನೂರು ಮಕ್ಕಳು, ಅವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಕೆಳಗೆ ಬಾಯ್ಲರ್ ಕೆಮ್ಮುತ್ತಿದೆ. ದಿನಾ ಬೆಳಿಗ್ಗೆ ನಾನೂ ವಿಲ್ಮಾಳೂ ಅದರ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಹೊರಗೆ, ಖಾಲಿ ಮೈದಾನದಲ್ಲಿ, ನಮ್ಮ ಸ್ಕೋರ್‌ಬೋರ್ಡ್ ಊರಿಗೆಲ್ಲ ಕಾಣುವಂತೆ ಚಳಿಯ ಲೆಕ್ಕ ತೋರಿಸುತ್ತಿದೆ: ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ.