ಬ್ಲೇಡುಗಳ ಕೆಳಗಿನ ಮಾತ್ರೆ

ಕ್ಷೌರದಂಗಡಿಯವನ ಬಾಯಿಗೆ ಬೀಗವೆಂಬುದೇ ಇರಲಿಲ್ಲ. ಅಲ್ಲಿ ತಲೆ ಕೊಟ್ಟು ಕೂತವರಿಗಿಂತ ಬೆಂಚಿನ ಮೇಲೆ ಸುಮ್ಮನೆ ಕೂತವರೇ ಜಾಸ್ತಿ; ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗಲು ಬಂದವರು. ಇಂಥವನು ದಿನಾ ಬೆಳಗ್ಗೆ ಖಿನ್ನತೆಗೆ ಒಂದು ಮಾತ್ರೆ ನುಂಗಿಯೇ ಕತ್ತರಿ ಹಿಡಿಯುತ್ತಾನೆ ಎಂಬುದು ಹೆಂಡತಿಯನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಆ ಮಾತ್ರೆಯನ್ನು ದೂರದ ಪೇಟೆಯ ಡಾಕ್ಟರಿಂದ ಬರೆಸಿ ತಂದು, ಡ್ರಾಯರಿನಲ್ಲಿ ಬ್ಲೇಡುಗಳ ಕೆಳಗೆ ಇಡುತ್ತಿದ್ದ.

ನಿಂತು ನಿಂತು ಸೊಂಟ ಹಿಡಿದುಕೊಂಡಾಗ ಬೇರೊಬ್ಬ ಡಾಕ್ಟರು ನೋವಿಗೆ ಮಾತ್ರೆ ಬರೆದುಕೊಟ್ಟರು. ಪಕ್ಕದ ಔಷಧಿ ಅಂಗಡಿಯವಳು ಚೀಟಿ ನೋಡಿ, "ಅಣ್ಣ, ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ? ಇದು ಎಲ್ಲದರ ಜೊತೆ ಹೊಂದಲ್ಲ" ಎಂದಳು. ಹಿಂದೆ ಜನ ನಿಂತಿದ್ದರು.

"ಹೆಂಡತಿ ಬೈಗುಳ ಬಿಟ್ರೆ ನಾನೇನೂ ನುಂಗಲ್ಲಮ್ಮ."

ಎಲ್ಲರೂ ನಕ್ಕರು. ಅವನ ಮರ್ಯಾದೆ ಉಳಿಯಿತು.

ವಾರ ಕಳೆಯುವುದರೊಳಗೆ ಮೈಯೆಲ್ಲ ಬೆವರು, ಕೈಯಲ್ಲಿ ನಡುಕ. ಔಷಧಿ ಅಂಗಡಿಯವಳು ಕೇಳಿದ್ದು ನೆನಪಾಯಿತು, ನೆನಪಾದದ್ದನ್ನೂ ನುಂಗಿಕೊಂಡ. ಕೊನೆಗೆ ಅವಳ ಅಪ್ಪನ ಕೆನ್ನೆಯ ಮೇಲೆಯೇ ಕತ್ತಿ ಜಾರಿತು. ಆ ಮುದುಕನೋ ಹೃದಯದ ಕಾಯಿಲೆಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ನುಂಗುವವನು. ಪಟಿಕದ ಕಲ್ಲು ಒತ್ತಿದರೂ ರಕ್ತ ನಿಲ್ಲಲಿಲ್ಲ. ಮಗಳು ಹತ್ತಿ ಹಿಡಿದು ಓಡಿ ಬಂದಳು. ಅಪ್ಪನ ಕೆನ್ನೆ ಅದುಮಿಕೊಂಡೇ ಇವನ ಕೈ ನೋಡಿದಳು.

"ಅಣ್ಣ, ನಿಜ ಹೇಳಿ. ಇನ್ನೇನು ತಗೋತಿದೀರಿ?"

ಬೆಂಚು ತುಂಬಿತ್ತು. "ಮನಸ್ಸಿನ ಕಾಯಿಲೆಗೆ ಮಾತ್ರೆ ಕಣಮ್ಮ. ತುಂಬಾ ವರ್ಷದಿಂದ."

ಬೆಂಚಿಗೆ ಬೆಂಚೇ ಘೊಳ್ಳೆಂದು ನಕ್ಕಿತು. ಒಬ್ಬನಂತೂ ತೊಡೆ ತಟ್ಟಿಕೊಂಡ. ಅವನು ಡ್ರಾಯರು ಎಳೆದು, ಬ್ಲೇಡು ಸರಿಸಿ, ಮಾತ್ರೆಯ ಪಟ್ಟಿಯನ್ನು ಅವಳ ಕೈಗಿಟ್ಟ. ನಗು ಅರ್ಧಕ್ಕೇ ನಿಂತಿತು.

"ಇದೂ ನೋವಿನದೂ ಕೂಡಬಾರ್ದು. ಅದಕ್ಕೇ ಈ ನಡುಕ. ಇಬ್ಬರು ಡಾಕ್ಟರಿಗೂ ಈಗಲೇ ಫೋನ್ ಮಾಡೋಣ" ಎಂದಳು.

ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ. ತಾನು ನಗಿಸಿದವರ ಮುಖಗಳೆಲ್ಲ ಎದುರಿನ ಕನ್ನಡಿಯಲ್ಲಿದ್ದವು. ಅವನು ತಲೆ ಎತ್ತಲಿಲ್ಲ.

ಮುದುಕ ಒಂದು ಕೆನ್ನೆಗೆ ಹತ್ತಿ, ಇನ್ನೊಂದಕ್ಕೆ ನೊರೆ ಮೆತ್ತಿಕೊಂಡು ಕೂತೇ ಇದ್ದ. "ಈ ಕಡೆ ಹಾಗೇ ಇರ್ಲಿ ಬಿಡು" ಎಂದ. "ನಡುಕ ನಿಂತ ಮೇಲೆ ನೀನೇ ಮಾಡು. ಅಲ್ಲೀತನಕ ನಾನು ಬೇರೆ ಅಂಗಡಿಗೆ ಹೋಗಲ್ಲ."

ಅವನು ಒದ್ದೆ ಟವೆಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮುದುಕನ ಕೆನ್ನೆಯ ನೊರೆಯನ್ನು ಒರೆಸಿದ.